ಸಹಾಯ ಬೇಕು: ಡಲ್ಲಾಸ್ ಹತ್ರ ದೊಡ್ಡ ಕ್ರಾಪಿ (ಇಲ್ಲಿನ ಸಿಹಿನೀರಿನ ಮೀನು) ಎಲ್ಲಿ ಸಿಗತ್ತೆ?

ಎಲ್ರಿಗೂ ನಮಸ್ಕಾರ, ಈ ಗ್ರೂಪಲ್ಲಿ ಟೆಕ್ಸಸ್ ಕಡೆ ಮೀನು ಹಿಡಿಯೋರು ಇದ್ರೆ ಸ್ವಲ್ಪ ಹೇಳಿ ಪ್ಲೀಸ್. ನಾನು ಲೂಯಿಸ್‌ವಿಲ್ ಲೇಕಲ್ಲಿ ಕ್ರಾಪಿಗೆ ಹೋಗ್ತೀನಿ, ಸೇತುವೆ ಕಂಬಗಳ ಹತ್ರ ಜೀವಂತ ಮಿನ್ನೋ (ಗಾಳಕ್ಕೆ ಹಾಕೋ ಪುಟ್ಟ ಮೀನು) ಹಾಕಿದ್ರೆ ಚೆನ್ನಾಗೇ ಕಚ್ತವೆ, ಆದ್ರೆ ಬರೋದೆಲ್ಲ ಏಳೆಂಟು ಇಂಚಿನವು, ಇಲ್ಲಿ 10 ಇಂಚಿಗಿಂತ ಚಿಕ್ಕದಾದ್ರೆ ನೀರಿಗೆ ಬಿಡ್ಲೇಬೇಕು ನೋಡಿ, ಹಂಗಾಗಿ ದಿನಕ್ಕೆ 25 ಇಟ್ಕೋಬಹುದು ಅಂತ ರೂಲ್ ಇದ್ರೂ ಮನೆಗೆ ಬರೋದು ಒಂದೋ ಎರಡೋ.

ಕ್ರಾಪಿ ತನಗಿಂತ ಮೇಲಿರೋ ಆಹಾರಕ್ಕೇ ಜಾಸ್ತಿ ಬಾಯಿ ಹಾಕತ್ತೆ ಅಂತ ಮೀನಿರೋ ಆಳಕ್ಕಿಂತ ಒಂದಡಿ ಮೇಲೇ ಜಿಗ್ (ತೂಕದ ತಲೆ ಇರೋ ಕೃತಕ ಗಾಳ) ನಿಲ್ಲಿಸ್ತೀನಿ. ಅದರ ಬಾಯಿ ಪೇಪರ್ ಥರ ತೆಳು, ಜೋರಾಗಿ ಎಳೆದ್ರೆ ಹರಿದು ಮೀನು ಹೋಯ್ತು ಅಂತಾನೇ, ಅದಕ್ಕೆ 6 ಪೌಂಡ್ ಲೈನು, ಮೆತ್ತಗಿರೋ ರಾಡು. ವಸಂತದಲ್ಲಿ ನೀರು 60–65 ಡಿಗ್ರಿ ಫ್ಯಾರನ್‌ಹೀಟ್ ಆದಾಗ ಮೊಟ್ಟೆ ಇಡೋಕೆ ದಡದ ಹತ್ರಾನೇ ಬರ್ತವೆ, ಆಗ ಕಷ್ಟ ಇಲ್ಲ. ಬೇಸಿಗೇಲಿ ಆಳಕ್ಕೆ ಇಳಿದ್ಮೇಲೆ ದೊಡ್ಡವು ಎಲ್ಲಿ ಸೇರ್ಕೋತವೆ ಅನ್ನೋದೇ ಗೊತ್ತಾಗ್ತಿಲ್ಲ, ಮುಳುಗಿರೋ ಮರದ ಕೊಂಬೆ ರಾಶಿ ಹುಡುಕ್ಬೇಕಾ, ಲೇಕ್ ತಳದಲ್ಲಿರೋ ಹಳೇ ಹೊಳೆ ಪಾತ್ರ ಹಿಡಿದು ಹೋಗ್ಬೇಕಾ?

ನನ್ನತ್ರ ಬೋಟ್ ಇಲ್ಲ. ದಡದಿಂದ್ಲೋ ಡಾಕಿಂದ್ಲೋ ರೇ ರಾಬರ್ಟ್ಸ್ ಲೇಕಲ್ಲಿ ಒಳ್ಳೇ ಸೈಜ್ ಹಿಡಿದೋರು ಯಾರಾದ್ರೂ ಇದೀರಾ? ಲೇಕ್ ಫೋರ್ಕ್ ಬಗ್ಗೆ ಆಸೆ ಇದೆ, ಆದ್ರೆ ಡಿಸೆಂಬರಿಂದ ಫೆಬ್ರವರಿ ತನಕ ಅಲ್ಲಿ ಹಿಡಿದ ಕ್ರಾಪಿ ಯಾವ ಸೈಜ್ ಆದ್ರೂ ವಾಪಸ್ ನೀರಿಗೆ ಬಿಡೋ ಹಾಗಿಲ್ಲ, ಆಳದಿಂದ ಎಳೆದ ಮೀನು ಬಿಟ್ರೂ ಬದುಕೋದು ಕಷ್ಟ ಅಂತ ಆ ರೂಲು, ಸರಿಯಾದ್ದೇ. ಅಪ್ಪ ಊರಿಂದ ಬರ್ತಿದಾರೆ, ಅವ್ರು ಕಾವೇರೀಲಿ ಗಾಳ ಹಾಕಿ ಬೆಳೆದೋರು, ಅವ್ರ ಕೈಲಿ 14 ಇಂಚಿನ ಒಂದು ಕ್ರಾಪಿ ಎತ್ತಿಸ್ಬೇಕು ಅಂತ ತುಂಬಾ ಆಸೆ. ಜಾಗ, ಆಳ, ಜಿಗ್ ಬಣ್ಣ, ಏನ್ ಗೊತ್ತಿದ್ರೂ ಕಾಮೆಂಟಲ್ಲಿ ಹಾಕಿ.