ಹ್ಯಾಮ್ ಟವರ್‌ಗೆ ಸ್ಟೇ ಕಟ್ಟುವುದು: ಇಂಜಿನಿಯರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಹ್ಯಾಮ್ (ಹವ್ಯಾಸಿ ರೇಡಿಯೊ) ಟವರ್ ನಿಲ್ಲಿಸುವ ಕೆಲಸ ಮಾಡುವ ಇಂಜಿನಿಯರ್ ಒಬ್ಬರು ಈ ಸಂಜೆ ನಮ್ಮ ಗುಂಪಿನಲ್ಲಿದ್ದಾರೆ. ಸ್ಟೇ ವೈರ್ (ಟವರ್ ಬೀಳದಂತೆ ಎಳೆದು ಹಿಡಿಯುವ ತಂತಿ), ಆಂಕರ್ (ಆ ತಂತಿಯ ತುದಿಯನ್ನು ನೆಲದಲ್ಲಿ ಹಿಡಿದಿಡುವ ರಾಡ್, ಕಾಂಕ್ರೀಟ್) ಬಗ್ಗೆ ಕೇಳಿ. ಶುಭ ಸಂಜೆ ಫೋಟೋ ಬೇಡ.

ತುಮಕೂರಿನ ಹೊಸಬ: ನಮಸ್ತೆ ಸರ್. 15 ಮೀಟರ್ ಟವರ್‌ಗೆ ಆಂಕರ್ ಎಷ್ಟು ದೂರ ಇರಬೇಕು?

ಇಂಜಿನಿಯರ್: ನಮಸ್ಕಾರ. ಎತ್ತರದ 80% ಇಟ್ಟುಕೊಳ್ಳಿ, ಅಂದರೆ 12 ಮೀಟರ್. ಮೂರು ದಿಕ್ಕಿಗೆ, ನಡುವೆ 120 ಡಿಗ್ರಿ. ಆಂಕರ್ ಬುಡಕ್ಕೆ ಹತ್ತಿರ ಬಂದಷ್ಟೂ ತಂತಿ ಟವರನ್ನು ಕೆಳಕ್ಕೆ ಒತ್ತುವುದೇ ಜಾಸ್ತಿ, ಗಾಳಿಗೆ ಹಿಡಿಯುವುದು ಕಮ್ಮಿ.

ಗದಗ ಕಡೆಯವರು: ಸರ್, ನಮ್ಮದು ಎರೆ ಹೊಲ. 15 ಮೀಟರ್ ಟವರ್, ಮೇಲೆ ಯಾಗಿ (ಒಂದೇ ದಿಕ್ಕಿಗೆ ಕೆಲಸ ಮಾಡುವ ಆಂಟೆನಾ). ಎರಡು ಆಂಕರ್‌ಗೆ ಮೂರು ಅಡಿ ಗುಂಡಿ ತೆಗೆಸಿದ್ದೇನೆ. ಮೂರನೇದು ಬೇವಿನ ಮರಕ್ಕೆ ಕಟ್ಟಬಹುದಾ? 11 ಕೆವಿ ಕರೆಂಟ್ ಲೈನ್ 18 ಮೀಟರ್ ದೂರ ಇದೆ, ಅದರ ತೊಂದರೆ ಇಲ್ಲ.

ಇಂಜಿನಿಯರ್: ಕೊನೆಯ ಸಾಲು ಓದಿ ಚಹಾ ಕೆಳಗಿಟ್ಟೆ. ತೊಂದರೆ ಇರುವುದೇ ಅಲ್ಲಿ. ಟವರ್ 15, ಮೇಲಿನ ಪೈಪು ಒಂದೂವರೆ, ಯಾಗಿಯ ಕೈಗಳು ಇನ್ನೊಂದೆರಡು ಮೂರು ಮೀಟರ್. ಉರುಳಿದರೆ ಲೈನ್ ಸಿಕ್ಕೇ ಸಿಗುತ್ತದೆ. ನಿಲ್ಲಿಸುವಾಗ ಹಗ್ಗ ಜಾರಿದರೂ ಅಷ್ಟೇ. ಹಿಡಿದ ನಾಲ್ಕು ಜನರ ಕೈಯಲ್ಲೂ ಕರೆಂಟು. ನಾನು ಎತ್ತರದ ಒಂದೂವರೆ ಪಟ್ಟು ಬಿಡದೆ ಗುಂಡಿ ತೆಗೆಸುವುದಿಲ್ಲ.

ಬೇವಿನ ಮರ ಬೇಡ. ಗಾಳಿಗೆ ಮರ ತೂಗುತ್ತದೆ, ತಂತಿ ಒಮ್ಮೆ ಸಡಿಲ, ಒಮ್ಮೆ ಜಗ್ಗು. ಆ ಜಗ್ಗಾಟಕ್ಕೇ ಕ್ಲಾಂಪ್ ಬಿಡುತ್ತದೆ.

ಇನ್ನು ಎರೆಮಣ್ಣು. ಬೇಸಿಗೆಯಲ್ಲಿ ನಿಮ್ಮ ಹೊಲದ ಬಿರುಕಿಗೆ ಕೈ ಇಳಿಸಿ ನೋಡಿದ್ದೀರಲ್ಲ? ಮಳೆ ಬಂದರೆ ಅದೇ ಮಣ್ಣು ಉಬ್ಬಿ ಮುಚ್ಚಿಕೊಳ್ಳುತ್ತದೆ. ಮೂರು ಅಡಿಯಲ್ಲಿ ಕೂತ ಕಾಂಕ್ರೀಟ್ ಅದರ ಜೊತೆ ಏಳುತ್ತದೆ, ಇಳಿಯುತ್ತದೆ. ಈ ಮಣ್ಣಿನ ಆಟ 3.5 ಮೀಟರ್ ಆಳದವರೆಗೂ ಇರಬಹುದು. ಮಣ್ಣು ಪರೀಕ್ಷೆ ಮಾಡಿಸಿ, ಆಂಕರ್ ಅಳತೆ ನಿಮ್ಮೂರಿನ ಸಿವಿಲ್ ಇಂಜಿನಿಯರ್ ಕೈಲಿ ಹಾಕಿಸಿ. ಗುಂಡಿ ಮುಚ್ಚುವಾಗ ಅದೇ ಎರೆಮಣ್ಣು ತುಂಬಬೇಡಿ. ಗರಸು ತರಿಸಿ, ಪದರ ಪದರವಾಗಿ ಧಮ್ಮಸು ಹಾಕಿ. ಕಾಂಕ್ರೀಟ್‌ಗೆ 28 ದಿನ ಬಿಟ್ಟು ತಂತಿ ಬಿಗಿಯಿರಿ. ಮಳೆಗಾಲದ ಮುಂಚೆ, ಆಮೇಲೆ ಬಿಗಿ ನೋಡಿ.

ಶಿರಸಿ ಭಟ್ರು: 12 ವರ್ಷದಿಂದ ಹಲಸಿನ ಮರಕ್ಕೆ ಕಟ್ಟಿದ್ದೇನೆ. ಏನೂ ಆಗಿಲ್ಲ.

ನಿವೃತ್ತ ಲೈನ್‌ಮನ್: ನಿಮ್ಮದು ಟವರ್ರೋ, ಬಟ್ಟೆ ಒಣಗಿಸುವ ಗಳವೋ?

ಶಿರಸಿ ಭಟ್ರು: ಕಂಬ ಹತ್ತಿದವರೆಲ್ಲ ಇಂಜಿನಿಯರ್ ಆಗಿಬಿಡ್ತಾರೆ.

ನಿವೃತ್ತ ಲೈನ್‌ಮನ್: ಕಂಬ ಹತ್ತಿದ್ದಕ್ಕೇ ಹೇಳ್ತಿರೋದು. ಮರಕ್ಕೆ ಸ್ಟೇ ಬಿಗಿದ ಕಂಬ ಎಷ್ಟು ವಾಲಿದ್ದು ನೋಡಿದ್ದೇನೆ ಗೊತ್ತಾ?

ಮಂಗಳೂರು: ಗಾಳಿಯ ಲೆಕ್ಕ ಎಷ್ಟು ಹಿಡಿಯಬೇಕು ಸರ್?

ಇಂಜಿನಿಯರ್: ಗಾಳಿ ಲೆಕ್ಕದ ಭಾರತೀಯ ಮಾನದಂಡ ಐಎಸ್ 875 ಭಾಗ 3 ನೋಡಿ. ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ನಿಮಗೆ 39. ಬರೀ ಆರು ಅನ್ನಬೇಡಿ. ವೇಗದ ವರ್ಗದಷ್ಟು ಒತ್ತಡ ಏರುತ್ತದೆ, ಸುಮಾರು 40% ಜಾಸ್ತಿ.

ಹಾಸನ: ಆಂಕರ್ ದೂರ ಎಷ್ಟು ಸರ್?

ಇಂಜಿನಿಯರ್: ಮೇಲೆ ಇದೆ.

ಬಳ್ಳಾರಿ: ಇದು ಬಂತು, ನಿಜಾನಾ? *ಫಾರ್ವರ್ಡ್: ಆಂಕರ್ ಗುಂಡಿಗೆ 10 ಕೆಜಿ ಉಪ್ಪು, ಇದ್ದಿಲು ಹಾಕಿದರೆ ರಾಡ್ ಕಲ್ಲಿನಂತೆ ಹಿಡಿಯುತ್ತದೆ, ಸಿಡಿಲೂ ಹೊಡೆಯಲ್ಲ.*

ಇಂಜಿನಿಯರ್: ಇದು ನನಗೇ ಈ ವಾರ ಮೂರು ಸಲ ಬಂದಿದೆ. ಉಪ್ಪು, ಇದ್ದಿಲು ಹಾಕುವುದು ಅರ್ಥಿಂಗ್ ಗುಂಡಿಗೆ. ಆಂಕರ್ ರಾಡಿಗೆ ಉಪ್ಪು ಹಾಕಿದರೆ ಮಣ್ಣೊಳಗೇ ತುಕ್ಕು ತಿನ್ನುತ್ತದೆ, ಮೇಲಿಂದ ಕಾಣುವುದೂ ಇಲ್ಲ. ಒಂದು ದಿನ ಟವರ್ ಮಲಗುತ್ತದೆ. ದಯವಿಟ್ಟು ಮುಂದೆ ಕಳಿಸಬೇಡಿ.

ತುಮಕೂರಿನ ಹೊಸಬ: ಲೈಸೆನ್ಸ್ ಬಂದಿದೆ. ಟವರ್ ಎತ್ತರಕ್ಕೆ ಬೇರೆ ಅನುಮತಿ ಬೇಕಾ?

ಮೈಸೂರು: ಸ್ಟೇ ವೈರ್ ನಡುವೆ ಮೊಟ್ಟೆ ಆಕಾರದ ಪಿಂಗಾಣಿ ಯಾಕೆ? ಖರ್ಚು ಅಲ್ವಾ?

ನಿವೃತ್ತ ಲೈನ್‌ಮನ್: ಎಗ್ ಇನ್ಸುಲೇಟರ್ ಅದು, ತಂತಿಯಲ್ಲಿ ಕರೆಂಟು ಕೆಳಗಿಳಿಯದಂತೆ ತಡೆಯುತ್ತೆ. ಎರಡು ತಂತಿಯ ಕುಣಿಕೆ ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ಪಿಂಗಾಣಿ ಒಡೆದರೂ ತಂತಿ ಬೀಳಲ್ಲ.

ಇಂಜಿನಿಯರ್: ಸರಿಯಾಗಿ ಹೇಳಿದಿರಿ ಯಜಮಾನರೇ. ಹ್ಯಾಮ್‌ಗಳಿಗೆ ಇನ್ನೊಂದು ಕಾರಣ: 20 ಮೀಟರ್ ಬ್ಯಾಂಡಿಗೆ (ತರಂಗದ ಉದ್ದ ಸುಮಾರು 20 ಮೀಟರ್) ಅರ್ಧ ತರಂಗ ಸುಮಾರು 10 ಮೀಟರ್. ಅಷ್ಟುದ್ದದ ತಂತಿ ತಾನೇ ಆಂಟೆನಾ ಆಗಿ ಯಾಗಿಯ ದಿಕ್ಕು ಕೆಡಿಸುತ್ತದೆ. ಅದಕ್ಕೇ ನಡುವೆ ಪಿಂಗಾಣಿ ಹಾಕಿ ತುಂಡು ಮಾಡುವುದು.

ಗದಗ ಕಡೆಯವರು: ತಂತಿ ಎಷ್ಟು ಬಿಗಿಯಬೇಕು ಸರ್? ನಮ್ಮ ಹುಡುಗರು ತಂಬೂರಿ ತಂತಿ ಹಾಗೆ ಅಂತಾರೆ.

ಇಂಜಿನಿಯರ್: ಬೇಡ. ಕಡಿಯುವ ಬಲದ ಸುಮಾರು 10%, ಮೂರೂ ಕಡೆ ಸಮ. ತಂತಿಯ ಮಡಚಿದ ತುದಿ ಹಿಡಿಯುವ ಯು ಕ್ಲಾಂಪಿನ ಬಾಗು ಸುಮ್ನೆ ಉಳಿದ ತುದಿಯ ಮೇಲೆ, ಹಲ್ಲಿರುವ ಪಟ್ಟಿ ಭಾರ ಎಳೆಯುವ ತಂತಿಗೆ. ತಿರುಗಿಸಿ ಹಾಕಿದರೆ ಬಾಗು ತಂತಿಯನ್ನು ಜಜ್ಜುತ್ತದೆ. ಟರ್ನ್‌ಬಕಲ್ (ತಂತಿ ಬಿಗಿಸುವ ತಿರುಪು) ಒಳಗೆ ಒಂದು ತುಂಡು ತಂತಿ ತೂರಿಸಿ ಕಟ್ಟಿ, ಇಲ್ಲದಿದ್ದರೆ ಗಾಳಿಯ ನಡುಕಕ್ಕೆ ಬಿಚ್ಚಿಕೊಳ್ಳುತ್ತದೆ.

ಶಿರಸಿ ಭಟ್ರು: ನೈಲಾನ್ ಹಗ್ಗ ಹಾಕಿದರೆ ಈ ಯಾವ ರಗಳೆಯೂ ಇಲ್ಲ.

ಇಂಜಿನಿಯರ್: ನೈಲಾನ್ ಹಿಗ್ಗುತ್ತದೆ, ಬಿಸಿಲಿಗೆ ಸಾಯುತ್ತದೆ. ಭಟ್ರೇ, ನಿಮಗೆ ಉತ್ತರ ಬೇಕಾ, ಜಗಳ ಬೇಕಾ?

ಅಡ್ಮಿನ್: ಇಬ್ಬರೂ ಸ್ವಲ್ಪ ಸಮಾಧಾನ.

ಗದಗ ಕಡೆಯವರು: ಸರ್, ಟೇಪ್ ಹಿಡಿದು ಈಗ ಅಳೆದೆ. ಲೈನ್ 18 ಅಲ್ಲ, 16 ಮೀಟರ್.

ಇಂಜಿನಿಯರ್: ಗುಂಡಿ ಮುಚ್ಚಿಸಿ. ಹೊಲದ ಆ ಕಡೆಯ ಬದುವಿನ ಫೋಟೋ ಕಳಿಸಿ, ಜಾಗ ಅಲ್ಲಿ ನೋಡೋಣ.

ಚಿಕ್ಕಮಗಳೂರು: ಸರ್, ಆಂಕರ್ ದೂರ ಎಷ್ಟು?