ಪೈಪ್ ಗ್ಯಾಸ್ ಬಿಲ್ಲು ಒಮ್ಮೆಲೇ ಇಮ್ಮಡಿ: ಸೋರಿಕೆಯೋ, ಮೀಟರ್ ದೋಷವೋ?

ಹೊಸದುರ್ಗ_ಮನೆ
ನಮ್ಮದು ಕಾಸರಗೋಡು ಜಿಲ್ಲೆಯ ಹೊಸದುರ್ಗ ಪೇಟೆ. ಸಿಲಿಂಡರ್ ಬಿಟ್ಟು ಪೈಪ್ ಗ್ಯಾಸ್ ಹಾಕಿಸಿ ಒಂದೂವರೆ ವರ್ಷವಾಯಿತು. ಎರಡು ತಿಂಗಳಿಗೆ 26 ಯೂನಿಟ್, ಹೆಚ್ಚೆಂದರೆ 27. ಕಳೆದ ಸಲ 19 ಬಂದಿತ್ತು. ಈ ಸಲ 58! ಮನೆಯಲ್ಲಿ ಬಾಣಂತಿ ಮಗಳು, ಹಸುಗೂಸು ಇದ್ದಾರೆ. ವಾಸನೆಯೇನೂ ಇಲ್ಲ. ಆದರೂ ಎಲ್ಲಾದರೂ ಸೋರುತ್ತಿದೆಯೋ ಎಂದು ರಾತ್ರಿ ನಿದ್ದೆ ಬರುವುದಿಲ್ಲ. ಎಲ್ಲಿಂದ ನೋಡುತ್ತಾ ಬರಲಿ?

ಬದಿಯಡ್ಕ_ಫಿಟ್ಟರ್
ಅಕ್ಕಾ, ಮೊದಲು ಸೋರಿಕೆಯ ಸಂಶಯ ಮುಗಿಸುವ. ರಾತ್ರಿ ಅಡುಗೆ ಮುಗಿದ ಮೇಲೆ ಒಲೆಯ ನಾಬ್ ಮಾತ್ರ ಬಂದ್ ಮಾಡಿ, ಗೋಡೆಯ ವಾಲ್ವ್ ತೆರೆದೇ ಇಡಿ. ಮೀಟರಿನ ಕಪ್ಪು ಅಂಕಿ, ಕೆಂಪು ಅಂಕಿ ಎರಡನ್ನೂ ಫೋನಿನಲ್ಲಿ ಫೋಟೋ ತೆಗೆಯಿರಿ. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಇನ್ನೊಂದು ಫೋಟೋ. ಕಪ್ಪು ಅಂಕಿ ಘನ ಮೀಟರ್, ಅಂದರೆ ಬಿಲ್ಲಿನ ಯೂನಿಟ್. ಕೆಂಪಿನ ಕೊನೆಯ ಅಂಕಿ ಒಂದೊಂದು ಲೀಟರಿನದ್ದು. ಅದು ಕದಲಿದ್ದರೆ ಗ್ಯಾಸ್ ಎಲ್ಲೋ ಹೋಗುತ್ತಿದೆ ಎಂದೇ ಲೆಕ್ಕ. ಜೋಡಣೆಗಳಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಬರುತ್ತದೆ. ನಡುವೆ ವಾಸನೆ ಬಂದರೆ ಪರೀಕ್ಷೆ ಅಲ್ಲಿಗೇ ಬಿಡಿ. ವಾಲ್ವ್ ಮುಚ್ಚಿ, ಕಿಟಕಿ ತೆರೆದು, ಯಾವ ಸ್ವಿಚ್ಚೂ ಮುಟ್ಟದೆ ಎಲ್ಲರೂ ಹೊರಗೆ ಬನ್ನಿ. ಬಿಲ್ಲಿನಲ್ಲಿರುವ ತುರ್ತು ನಂಬರಿಗೆ ಹೊರಗಿನಿಂದಲೇ ಫೋನ್ ಮಾಡಿ.

ಇನ್ನೊಂದು, ಆ 19ರ ಬಿಲ್ಲು ತೆಗೆದು ನೋಡಿ. ರೀಡಿಂಗಿನ ಪಕ್ಕ ‘ಸರಾಸರಿ’ ಅಥವಾ ‘ಅಂದಾಜು’ ಅಂತ ಉಂಟಾ?

ಹೊಸದುರ್ಗ_ಮನೆ
ಸೋರಿಕೆ ಇಲ್ಲ! ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಕೆಂಪು ಅಂಕಿ ಕೂದಲೆಳೆಯಷ್ಟೂ ಅಲುಗಿಲ್ಲ. ಎರಡು ರಾತ್ರಿ ನೋಡಿದೆ. 19ರ ಬಿಲ್ಲು ಅಂದಾಜಿನದ್ದೇ. ಆಗ ನಾವು ಸೀಮಂತಕ್ಕೆ ಹೋಗಿದ್ದೆವು, ಮನೆಗೆ ಬೀಗ ಹಾಕಿತ್ತು.

ಬದಿಯಡ್ಕ_ಫಿಟ್ಟರ್
ಹಾಗಾದರೆ ಆಗ ಬಿಟ್ಟುಹೋದ ಏಳೆಂಟು ಯೂನಿಟ್ ಈಗ ಸೇರಿದೆ. ಇನ್ನುಮುಂದೆ ಬೀಗ ಹಾಕುವಾಗ ಮೀಟರಿನ ಫೋಟೋ ನೀವೇ ಕಳಿಸಿಕೊಡಿ. ಆದರೂ ಇಪ್ಪತ್ತಕ್ಕಿಂತ ಜಾಸ್ತಿ ಉಳಿಯಿತಲ್ಲ? ಪ್ರತಿ ಕೆಲಸಕ್ಕೂ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ ಅಂಕಿ ಬರೆದಿಡಿ.

ಹೊಸದುರ್ಗ_ಮನೆ
ಬರೆದೆ. ಬಾಣಂತಿ ಮೀಯುವ ನೀರು 40 ಲೀಟರ್ ಕಾಯಲು 0.29. ಕುಚ್ಚಲಕ್ಕಿ ಅನ್ನಕ್ಕೆ 0.24. ಮೀಯುವ ನೀರೇ ಇಷ್ಟು ತಿನ್ನುತ್ತದೆಂದು ಗೊತ್ತಿರಲಿಲ್ಲ. 40 ದಿನಕ್ಕೆ ಲೆಕ್ಕ ಹಾಕಿದರೆ ಹನ್ನೊಂದೂವರೆ ಯೂನಿಟ್! ಪಾತ್ರೆಯ ತಳ ಮಾತ್ರ ಇದ್ದಿಲಿನ ಹಾಗೆ ಕಪ್ಪಾಗುತ್ತದೆ, ತೆಂಗಿನ ನಾರಿನಲ್ಲಿ ಉಜ್ಜಿ ಉಜ್ಜಿ ಕೈ ನೋವು.

ಬದಿಯಡ್ಕ_ಫಿಟ್ಟರ್
ತಳ ಕಪ್ಪಾಗುತ್ತದಾ? ಜ್ವಾಲೆಯ ಬಣ್ಣ ಎಂತದ್ದು? ಒಲೆ ಹಳೆಯದಾ?

ಹೊಸದುರ್ಗ_ಮನೆ
ಹಳದಿ, ತುದಿ ಉದ್ದ. ಬಾಣಂತನಕ್ಕೆಂದು ಅಟ್ಟದಿಂದ ಸಿಲಿಂಡರಿನ ಕಾಲದ ದೊಡ್ಡ ಒಲೆ ಇಳಿಸಿದೆವು. ಪರಿಚಯದವರೊಬ್ಬರು ಜೆಟ್ಟಿನ, ಅಂದರೆ ಬರ್ನರಿಗೆ ಗ್ಯಾಸ್ ಬಿಡುವ ಮೂತಿಯ, ತೂತು ಕೊರೆದು ದೊಡ್ಡದು ಮಾಡಿಕೊಟ್ಟರು.

ಬದಿಯಡ್ಕ_ಫಿಟ್ಟರ್
ಅಕ್ಕಾ, ಆ ಒಲೆ ಇವತ್ತೇ ನಿಲ್ಲಿಸಿ. ಬಿಲ್ಲಿಗಿಂತ ನನಗೆ ಇದರದ್ದೇ ಚಿಂತೆ. ಸಿಲಿಂಡರಿನ ಗ್ಯಾಸಿನಲ್ಲಿ ಒಂದು ಘನ ಮೀಟರಿಗೆ ಶಾಖ ಬಹಳ ಜಾಸ್ತಿ, ಹಾಗಾಗಿ ಅದರ ಜೆಟ್ಟಿನ ತೂತು ಸಣ್ಣದು. ಪೈಪಿನ ಗ್ಯಾಸಿಗೆ ದೊಡ್ಡ ತೂತು ಬೇಕು, ನಿಜ. ಆದರೆ ಅದಕ್ಕೆ ಅಳತೆಯ ಜೆಟ್ ಬರುತ್ತದೆ, ಕೈಯಲ್ಲಿ ಕೊರೆಯುವುದಲ್ಲ. ಅಳತೆ ಮೀರಿದರೆ ಗಾಳಿ ಸಾಲದೆ ಗ್ಯಾಸ್ ಅರೆಬರೆ ಉರಿಯುತ್ತದೆ: ಹಳದಿ ಜ್ವಾಲೆ, ಮಸಿ, ಜೊತೆಗೆ ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ವಾಸನೆಯೇ ಇಲ್ಲ. ಕೂಸಿರುವ ಮನೆಯಲ್ಲಿ ಕಿಟಕಿ ಮುಚ್ಚಿ ಇಂಥ ಒಲೆ ಹಚ್ಚಲೇಬಾರದು. ಕನೆಕ್ಷನ್ ಕೊಟ್ಟವರನ್ನೇ ಕರೆಸಿ ಜೆಟ್ ಬದಲಿಸಿ, ಬರ್ನರ್ ತೊಳೆಸಿ. ಜ್ವಾಲೆ ನೀಲಿಯಾಗಿ ನಿಲ್ಲಬೇಕು.

ಪೆರ್ಲ_ತೋಟ
ಅನ್ನದ ಬಗ್ಗೆ ನಾನು ಹೇಳುತ್ತೇನೆ, ಅಕ್ಕ. ಬೆಳ್ತಿಗೆ ಅಕ್ಕಿ ಬೇಗ ಬೇಯುತ್ತದೆ, ಕುಚ್ಚಲಕ್ಕಿಗೆ ಗಂಟೆ ಮೀರುತ್ತದೆ. ಅಷ್ಟು ಹೊತ್ತೂ ಕೆಳಗೆ ಉರಿ ಬೇಕಾಗಿಲ್ಲ, ಬಿಸಿ ಆರದಿದ್ದರೆ ಸಾಕು. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು ಪ್ರಚಾರ ಮಾಡಿದ ಚೂಡಾರಾಪೆಟ್ಟಿ, ಅಂದರೆ ಬಿಸಿ ಆರದ ಪೆಟ್ಟಿಗೆ, ಇದಕ್ಕೇ ಇರುವುದು. ಅಕ್ಕಿ ಅರ್ಧ ಗಂಟೆ ನೆನೆಸಿ, ಮುಚ್ಚಳ ಹಾಕಿ ಹದಿನೈದು ನಿಮಿಷ ಚೆನ್ನಾಗಿ ಕುದಿಸಿ, ಪಾತ್ರೆ ಸಮೇತ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ. ಒಂದೂವರೆ ಗಂಟೆ ಬಿಟ್ಟು ಗಂಜಿ ಬಸಿಯಿರಿ. ನಡುವೆ ತೆರೆದರೆ ಮಾತ್ರ ಅಕ್ಕಿ ಒಳಗೆ ಬೇಯದೆ ನಡುಗಾಳು ಉಳಿಯುತ್ತದೆ.

ಮೀಯುವ ನೀರಿಗೆ ಹಿತ್ತಲಲ್ಲಿ ಒಲೆ ಹೂಡುವ ಜಾಗ ಉಂಟಾದರೆ ತೆಂಗಿನ ಮಡಲು, ಗೆರಟೆಯಲ್ಲೇ ಹಂಡೆ ಕಾಯಿಸಿ.

ಹೊಸದುರ್ಗ_ಮನೆ
ಹತ್ತು ದಿನವಾಯಿತು. ಜೆಟ್ ಬದಲಿಸಿದ ದಿನವೇ ಜ್ವಾಲೆ ನೀಲಿಗೆ ತಿರುಗಿತು. ಅದೇ 40 ಲೀಟರ್ ಕಾಯಲು ಈಗ 0.24. ಅತ್ತೆಯ ಕಾಲದ ತಾಮ್ರದ ಹಂಡೆ ತೊಳೆದಿಟ್ಟಿದ್ದೇವೆ, ಬಾವಿಕಟ್ಟೆಯ ಪಕ್ಕ ಮೂರು ಕಲ್ಲು ಇಟ್ಟು ಮೊನ್ನೆಯಿಂದ ನೀರು ಅಲ್ಲೇ ಕಾಯುತ್ತದೆ. ಪೆಟ್ಟಿಗೆಯಲ್ಲಿಟ್ಟ ಅನ್ನ ಮೊದಲ ದಿನ ನಡುಗಾಳು ಉಳಿಯಿತು, ನಾನೇ ಆತುರದಲ್ಲಿ ಮುಚ್ಚಳ ತೆಗೆದಿದ್ದೆ. ಎರಡನೇ ದಿನದಿಂದ ಹದವಾಗಿ ಬೆಂದಿದೆ, ಮೀಟರಿನಲ್ಲಿ 0.09. ಮಗಳು ಎರಡು ಸಲ ಗಂಜಿ ಕೇಳಿ ಉಂಡಳು.