ಕಂಪ್ಯೂಟರಿನಲ್ಲಿ ಹಾಡು ಹಾಕಿದರೆ ‘ಗುಂಯ್’ ಸದ್ದು, ತಂಬೂರಿಯೂ ಏರಿಳಿಯುತ್ತದೆ (ಪರಿಹಾರ ಸಿಕ್ಕಿದೆ)

ಮಂದ್ರಷಡ್ಜ:
ಎಲ್ಲರಿಗೂ ನಮಸ್ಕಾರ. ಅಪ್ಪನ ಹತ್ತಿರ ಸುಮಾರು 180 ಸಿಡಿ ಇವೆ. ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿ, ದೊರೆಸ್ವಾಮಿ ಅಯ್ಯಂಗಾರರ ವೀಣೆ, ಹೀಗೆ. ಸಿಡಿ ಪ್ಲೇಯರ್ ಕೆಟ್ಟುಹೋಯಿತು. ರಿಪೇರಿ ಮಾಡುವವರು ಸಿಗಲಿಲ್ಲ. ಅದಕ್ಕೆ ಎಲ್ಲವನ್ನೂ ಕಂಪ್ಯೂಟರಿಗೆ ಹಾಕುತ್ತಿದ್ದೇನೆ. ಮೊದಲ 60 ಸಿಡಿ ಎಂಪಿ3 ಮಾಡಿದ್ದೆ, ಆಮೇಲಿನವು ಫ್ಲ್ಯಾಕ್ (ಸದ್ದಿನ ಏನನ್ನೂ ಬಿಡದೆ ಫೈಲನ್ನು ಚಿಕ್ಕದು ಮಾಡುವ ಬಗೆ).

ಡೆಸ್ಕ್‌ಟಾಪ್, ವಿಂಡೋಸ್ 10. ಕ್ಯಾಬಿನೆಟ್ಟಿನ ಮುಂದಿನ ಜ್ಯಾಕಿನಿಂದ ಹಳೆಯ ಸ್ಟೀರಿಯೋ ಆಂಪ್ಲಿಫೈಯರಿಗೆ ವೈರ್ ಹೋಗಿದೆ. ಅದೇ ಆಂಪ್ಲಿಫೈಯರಿಗೆ ಟಿವಿಯ ಸೆಟ್ ಟಾಪ್ ಬಾಕ್ಸ್ ಕೂಡ ಸೇರಿಸಿದ್ದೇನೆ.

ಹಾಡು ಹಾಕದೇ ಇದ್ದರೂ ಸ್ಪೀಕರಿನಲ್ಲಿ ‘ಗುಂಯ್’ ಅನ್ನುತ್ತಿರುತ್ತದೆ. ಮೌಸ್ ಅಲ್ಲಾಡಿಸಿದರೆ ‘ಜಿರ್ ಜಿರ್’. ಕೆಲವು ಕಛೇರಿಗಳಲ್ಲಿ ಒಂದು ಟ್ರ್ಯಾಕ್ ಮುಗಿದು ಇನ್ನೊಂದು ಶುರುವಾಗುವಾಗ ತಂಬೂರಿ ಕ್ಷಣ ನಿಂತು ಮತ್ತೆ ಬರುತ್ತದೆ. ಇನ್ನೊಂದು ವಿಚಿತ್ರ ಇದೆ. ಗಾಯಕರು ಉಸಿರು ತೆಗೆದುಕೊಳ್ಳಲು ನಿಂತರೆ ತಂಬೂರಿ ದೊಡ್ಡದಾಗುತ್ತದೆ, ಹಾಡಿದ ಕೂಡಲೇ ಹಿಂದೆ ಸರಿಯುತ್ತದೆ. ಅಪ್ಪ ಎರಡೇ ನಿಮಿಷ ಕೇಳಿ ಎದ್ದುಹೋದರು. ನನಗೆ ತುಂಬಾ ಬೇಜಾರಾಯಿತು. ಒಳ್ಳೆಯ ಡ್ಯಾಕ್ (ಡಿಜಿಟಲ್ ಫೈಲನ್ನು ಸದ್ದಾಗಿಸುವ ಪೆಟ್ಟಿಗೆ) ಕೊಂಡರೆ ಎಲ್ಲ ಸರಿಹೋಗುತ್ತದಾ? ದಯವಿಟ್ಟು ಹೇಳಿ.

ಬೆಸುಗೆ:
ಸದ್ಯಕ್ಕೆ ಏನೂ ಕೊಳ್ಳಬೇಡಿ. ನಿಮಗಿರುವುದು ಒಂದು ತೊಂದರೆ ಅಲ್ಲ, ನಾಲ್ಕು. ನಾಲ್ಕಕ್ಕೂ ಬೇರೆ ಬೇರೆ ಕಾರಣ ಇದೆ. ತಂಬೂರಿಯನ್ನು ಗಮನಿಸಿ ಬರೆದಿದ್ದೀರಲ್ಲ, ಅದು ತುಂಬಾ ಒಳ್ಳೆಯದಾಯಿತು. ಒಂದೇ ಸಮನೆ ನುಡಿಯುವ ವಾದ್ಯ ಅದು. ದಾರಿಯಲ್ಲಿ ಯಾರಾದರೂ ಕೈಯಾಡಿಸಿದರೆ ಮೊದಲು ಅಲ್ಲೇ ಗೊತ್ತಾಗುತ್ತದೆ.

ಮೊದಲು ‘ಗುಂಯ್’ ನೋಡೋಣ. ಆಂಪ್ಲಿಫೈಯರ್ ಆಫ್ ಮಾಡಿ, ಹಿಂದಿನ ಎಲ್ಲ ಇನ್‌ಪುಟ್ ವೈರ್ ತೆಗೆಯಿರಿ. ಆನ್ ಮಾಡಿ ಕೇಳಿ. ಮತ್ತೆ ಆಫ್ ಮಾಡಿ, ಕಂಪ್ಯೂಟರಿನದು ಮಾತ್ರ ಹಾಕಿ ಕೇಳಿ. ಆಮೇಲೆ ಸೆಟ್ ಟಾಪ್ ಬಾಕ್ಸಿನದು. ಒಂದು ಸಲಕ್ಕೆ ಒಂದೇ ವೈರ್. ಯಾವುದು ಸೇರಿದಾಗ ಸದ್ದು ಬಂತು ಬರೆಯಿರಿ. ಇನ್ನೊಂದು ಪ್ರಶ್ನೆ: ಕಂಪ್ಯೂಟರ್ ಕ್ಯಾಬಿನೆಟ್ ಮುಟ್ಟಿದರೆ ಯಾವಾಗಲಾದರೂ ಜುಮ್ ಅನ್ನಿಸಿದೆಯಾ?

ಮಂದ್ರಷಡ್ಜ:
ಏನೂ ಇಲ್ಲದಿದ್ದಾಗ ಪೂರ್ತಿ ನಿಶ್ಶಬ್ದ. ಕಂಪ್ಯೂಟರ್ ಒಂದೇ ಇದ್ದಾಗ ಸ್ವಲ್ಪ. ಸೆಟ್ ಟಾಪ್ ಬಾಕ್ಸ್ ಸೇರಿದ ಕೂಡಲೇ ಜೋರು. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುವುದು ನಿಜ ಸರ್, ಬರಿಗಾಲಲ್ಲಿ ಇದ್ದಾಗ ಜಾಸ್ತಿ. ಟೆಸ್ಟರ್ ಇಟ್ಟರೆ ಉರಿಯುತ್ತದೆ. ಎಲ್ಲ ಕಂಪ್ಯೂಟರೂ ಹಾಗೇ ಅಂದುಕೊಂಡಿದ್ದೆ.

ಬೆಸುಗೆ:
ಹಾಗಲ್ಲ. ನಿಮ್ಮ ಪ್ಲಗ್ ಪಾಯಿಂಟಿನಲ್ಲಿ ಅರ್ಥಿಂಗ್ ಇಲ್ಲ. ಮೂರು ತೂತು ಇದ್ದ ಮಾತ್ರಕ್ಕೆ ಅರ್ಥ್ ಇದೆ ಅಂತಲ್ಲ. ಮೇಲಿನ ದೊಡ್ಡ ತೂತಿಗೆ ಎಷ್ಟೋ ಮನೆಗಳಲ್ಲಿ ವೈರೇ ಕೊಟ್ಟಿರುವುದಿಲ್ಲ.

ಏನಾಗುತ್ತದೆ ಅಂದರೆ, ಕಂಪ್ಯೂಟರಿನ ಪವರ್ ಸಪ್ಲೈ ಒಳಗೆ ಫೇಸಿನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಪುಟ್ಟ ಕೆಪಾಸಿಟರ್ ಇರುತ್ತವೆ. ಎರಡೂ ಕ್ಯಾಬಿನೆಟ್ಟಿನ ತಗಡಿಗೆ ಸೇರುತ್ತವೆ. ಕೊಳೆ ಕರೆಂಟನ್ನು ಭೂಮಿಗೆ ಕಳಿಸುವುದು ಅವುಗಳ ಕೆಲಸ. ಅರ್ಥ್ ಇಲ್ಲದಿದ್ದರೆ 230 ವೋಲ್ಟ್‌ನ ಅರ್ಧ, ಅಂದರೆ ಹತ್ತಿರ ಹತ್ತಿರ 115 ವೋಲ್ಟ್, ತಗಡಿನ ಮೇಲೇ ನಿಲ್ಲುತ್ತದೆ. ಕರೆಂಟ್ ತೀರಾ ಕಡಿಮೆ, ಅದಕ್ಕೆ ಬರೀ ಜುಮ್ ಅನ್ನುತ್ತದೆ. ಆದರೆ ಅದಕ್ಕೆ ಎಲ್ಲಾದರೂ ದಾರಿ ಬೇಕು. ನಿಮ್ಮಲ್ಲಿ ಆ ದಾರಿ ಆಡಿಯೋ ವೈರಿನ ಹೊರ ಜಾಲರಿ. ಅಲ್ಲಿಂದ ಆಂಪ್ಲಿಫೈಯರ್, ಸೆಟ್ ಟಾಪ್ ಬಾಕ್ಸ್, ಕೊನೆಗೆ ಟಿವಿ ಕೇಬಲ್ ಹಿಡಿದು ಹೊರಗೆ ಹೋಗುತ್ತದೆ. ಹಾಡು ಬರುವ ವೈರಿನಲ್ಲೇ 50 ಹರ್ಟ್ಜ್ ಕರೆಂಟೂ ಓಡುತ್ತಿದೆ. ನಿಮಗೆ ಕೇಳುವ ‘ಗುಂಯ್’ ಅದೇ.

ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಸರಿಮಾಡಿಸಿ. ಇದು ಹಾಡಿಗಿಂತ ಮೊದಲು ಮನೆಯವರ ಜೀವದ ವಿಷಯ. ಪವರ್ ಸಪ್ಲೈ ಒಳಗೆ ಏನಾದರೂ ಕೆಟ್ಟು ಪೂರ್ತಿ ಫೇಸ್ ತಗಡಿಗೆ ಬಂದರೆ ಕಾಪಾಡುವುದು ಆ ಅರ್ಥ್. ‘ಅರ್ಥ್ ಪಿನ್ ಮುರಿದರೆ ಗುಂಯ್ ಹೋಗುತ್ತದೆ’ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ.

ಬರೀ ಡ್ಯಾಕ್ ಕೊಂಡಿದ್ದರೆ ಇದು ಹೋಗುತ್ತಿತ್ತು ಅಂತ ಹೇಳಲಾಗುವುದಿಲ್ಲ. ಯುಎಸ್‌ಬಿ ವೈರಿನಲ್ಲೂ ಕಂಪ್ಯೂಟರಿನ ಗ್ರೌಂಡ್ ಜೊತೆಗೇ ಬರುತ್ತದೆ.

ಹಳೇ ಪ್ಲೇಟು:
ಸಾಫ್ಟ್‌ವೇರ್ ಕಡೆಯದು ನಾನು ಹೇಳುತ್ತೇನೆ. ತಂಬೂರಿ ಉಬ್ಬಿ ಇಳಿಯುವುದಕ್ಕೆ ಒಂದೇ ಅನುಮಾನ: ‘ಲೌಡ್‌ನೆಸ್ ಈಕ್ವಲೈಸೇಶನ್’. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಅಲ್ಲಿ ಎಂ-ಎಂ-ಎಸ್-ವೈ-ಎಸ್ ಚುಕ್ಕೆ ಸಿ-ಪಿ-ಎಲ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ. ನಿಮ್ಮ ಸ್ಪೀಕರ್ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ‘ಎನ್‌ಹ್ಯಾನ್ಸ್‌ಮೆಂಟ್ಸ್’ ಪುಟ ಸಿಗುತ್ತದೆ. ಅಲ್ಲಿರುವುದನ್ನೆಲ್ಲ ಆಫ್ ಮಾಡಿ. ಸಣ್ಣ ಸದ್ದನ್ನು ಎತ್ತಿ, ದೊಡ್ಡ ಸದ್ದನ್ನು ತಗ್ಗಿಸುವುದು ಅದರ ಕೆಲಸ. ಮಾತಿಗೆ ಸರಿ, ಆಲಾಪನೆಗೆ ಅಲ್ಲ. ಮೃದಂಗದ ಪೆಟ್ಟನ್ನೂ ಅದು ಚಪ್ಪಟೆ ಮಾಡುತ್ತದೆ.

ಮಂದ್ರಷಡ್ಜ:
ಅಯ್ಯೋ, ಅದೇ! ಹೋದ ವರ್ಷ ಸಿನಿಮಾದಲ್ಲಿ ಮಾತು ಕೇಳಿಸುತ್ತಿಲ್ಲ ಅಂತ ನಾನೇ ಆನ್ ಮಾಡಿದ್ದೆ. ಮರೆತೇ ಹೋಗಿತ್ತು. ಆಫ್ ಮಾಡಿದೆ. ಈಗ ಗಾಯಕರು ನಿಂತಾಗ ತಂಬೂರಿ ಇದ್ದ ಜಾಗದಲ್ಲೇ ಇರುತ್ತದೆ. ಇಷ್ಟು ವ್ಯತ್ಯಾಸ ಆಗುತ್ತದೆ ಅಂದುಕೊಂಡಿರಲಿಲ್ಲ.

ಹಳೇ ಪ್ಲೇಟು:
ಬಹಳ ಸಂತೋಷ. ಟ್ರ್ಯಾಕುಗಳ ನಡುವೆ ತಂಬೂರಿ ಕಡಿಯುವುದು ಆ ಎಂಪಿ3 ಫೈಲುಗಳಲ್ಲಿ ಮಾತ್ರ ಅಲ್ವಾ? ಎಂಪಿ3 ಮಾಡುವಾಗ ಫೈಲಿನ ಶುರುವಿನಲ್ಲೂ ಕೊನೆಯಲ್ಲೂ ಚೂರು ಮೌನ ಸೇರುತ್ತದೆ. ಸಿನಿಮಾ ಹಾಡಿಗೆ ಅದು ಗೊತ್ತೇ ಆಗುವುದಿಲ್ಲ. ಆದರೆ ವಿಲಂಬಿತ್ (ನಿಧಾನದ ಭಾಗ) ಒಂದು ಟ್ರ್ಯಾಕ್, ದ್ರುತ್ (ವೇಗದ ಭಾಗ) ಇನ್ನೊಂದು ಟ್ರ್ಯಾಕ್ ಇದ್ದರೆ ತಂಬೂರಿ ಕತ್ತರಿಸಿದ ಹಾಗೆ ಆಗುತ್ತದೆ. ಫ್ಲ್ಯಾಕ್‌ನಲ್ಲಿ ಸಿಡಿಯ ಒಂದು ಬಿಟ್ಟೂ ಕಳೆಯುವುದಿಲ್ಲ, ಸೇರುವುದೂ ಇಲ್ಲ.

ಆ 60 ಸಿಡಿಗಳನ್ನು ಮತ್ತೆ ಕಂಪ್ಯೂಟರಿಗೆ ತೆಗೆಯಿರಿ, ಈ ಸಲ ಫ್ಲ್ಯಾಕ್‌ನಲ್ಲಿ. ಸಿಡಿಯಿಂದ ಹಾಡು ತೆಗೆಯುವ ‘ಎಕ್ಸ್ಯಾಕ್ಟ್ ಆಡಿಯೋ ಕಾಪಿ’ ಸಾಫ್ಟ್‌ವೇರಿನಲ್ಲಿ, ತಪ್ಪಿಲ್ಲದೆ ಓದಲು ಇರುವ ‘ಸೆಕ್ಯೂರ್ ಮೋಡ್’ ಇಡಿ. ಬೇರೆಯವರು ಅದೇ ಸಿಡಿ ತೆಗೆದಿದ್ದರೆ ‘ಆಕ್ಯುರೇಟ್‌ರಿಪ್’ ಅನ್ನುವ ಆನ್‌ಲೈನ್ ಪಟ್ಟಿಯ ಜೊತೆ ಹೋಲಿಸಿ ಹೇಳುತ್ತದೆ. ನಮ್ಮ ಶಾಸ್ತ್ರೀಯ ಸಂಗೀತದ ಸಿಡಿ ಕೆಲವು ಅದರಲ್ಲಿ ಸಿಗದೇ ಇರಬಹುದು. ಆಗ ‘ಟೆಸ್ಟ್ ಆಂಡ್ ಕಾಪಿ’ ಒತ್ತಿ. ಎರಡು ಸಲ ಓದಿ, ಎರಡರ ಸಿಆರ್‌ಸಿ ಅಂಕಿ (ಓದಿದ್ದರಿಂದ ಲೆಕ್ಕ ಹಾಕುವ ತಪಾಸಣೆ ಅಂಕಿ) ಒಂದೇ ಬಂದರೆ ನಂಬಬಹುದು.

ಮಂದ್ರಷಡ್ಜ:
ಅರ್ಥಿಂಗ್ ಆಯಿತು. ಎಲೆಕ್ಟ್ರಿಷಿಯನ್ ಬಿಚ್ಚಿ ನೋಡಿದರೆ ನೀವು ಹೇಳಿದ ಹಾಗೇ ಆ ತೂತಿಗೆ ವೈರೇ ಇರಲಿಲ್ಲ. ಈಗ ಜುಮ್ ಇಲ್ಲ. ಸೆಟ್ ಟಾಪ್ ಬಾಕ್ಸಿನ ಆಡಿಯೋ ವೈರನ್ನೂ ತೆಗೆದುಬಿಟ್ಟೆ, ಟಿವಿಗೆ ಅದರ ಸ್ಪೀಕರೇ ಸಾಕು. ‘ಗುಂಯ್’ ಪೂರ್ತಿ ಹೋಗಿದೆ. ಮೌಸಿನ ‘ಜಿರ್ ಜಿರ್’ ಮಾತ್ರ ಉಳಿದಿದೆ.

ಬೆಸುಗೆ:
ಮುಂದಿನ ಜ್ಯಾಕ್ ಬಿಡಿ, ಹಿಂದಿನ ಹಸಿರು ಜ್ಯಾಕಿಗೆ ಹಾಕಿ. ಮುಂದಿನದಕ್ಕೆ ಕ್ಯಾಬಿನೆಟ್ ಒಳಗೇ ಉದ್ದದ ವೈರ್ ಇರುತ್ತದೆ. ಗ್ರಾಫಿಕ್ಸ್ ಕಾರ್ಡ್, ಫ್ಯಾನ್ ಎಲ್ಲದರ ಗಲಾಟೆ ಅದಕ್ಕೆ ಅಂಟುತ್ತದೆ. ಮತ್ತೆ, ವಿಂಡೋಸ್ ವಾಲ್ಯೂಮ್ ಎಷ್ಟಿಟ್ಟಿದ್ದೀರಿ? 20ರಲ್ಲಿಟ್ಟು ಆಂಪ್ಲಿಫೈಯರ್ ತಿರುಗಿಸಿದರೆ ಹಾಡಿನ ಜೊತೆ ಗಲಾಟೆಯೂ ದೊಡ್ಡದಾಗುತ್ತದೆ. ಕಂಪ್ಯೂಟರಿನಲ್ಲಿ 100 ಇಡಿ, ಕಡಿಮೆ ಮಾಡುವುದನ್ನು ಆಂಪ್ಲಿಫೈಯರಿನಲ್ಲಿ ಮಾಡಿ. ಬದಲಿಸುವ ಮೊದಲು ಅದರ ಗುಂಡಿಯನ್ನು ಪೂರ್ತಿ ಇಳಿಸಿಡಿ, ಇಲ್ಲದಿದ್ದರೆ ಸ್ಪೀಕರ್ ಹೋದೀತು.

ಇಷ್ಟಾದರೂ ಉಳಿದರೆ ಆಗ ಯುಎಸ್‌ಬಿ ಡ್ಯಾಕ್. ಇಲ್ಲಿ ಅದನ್ನು ಕೊಳ್ಳುವುದು ಸರಿ, ಯಾಕೆಂದರೆ ಡಿಜಿಟಲ್‌ನಿಂದ ಸದ್ದಾಗುವ ಕೆಲಸ ಕ್ಯಾಬಿನೆಟ್ಟಿನ ಹೊರಗೆ ನಡೆಯುತ್ತದೆ. ಮದರ್‌ಬೋರ್ಡಿನಲ್ಲಿ ಆಪ್ಟಿಕಲ್ ಔಟ್ ಇದ್ದು, ಆ ಇನ್‌ಪುಟ್ ಇರುವ ಡ್ಯಾಕ್ ಸಿಕ್ಕರೆ ಇನ್ನೂ ಒಳ್ಳೆಯದು. ಬೆಳಕಿನಲ್ಲಿ ಹೋಗುವುದರಿಂದ ಕರೆಂಟಿಗೆ ದಾರಿಯೇ ಇರುವುದಿಲ್ಲ.

ಮಂದ್ರಷಡ್ಜ:
ಹಿಂದಿನ ಜ್ಯಾಕಿಗೆ ಹಾಕಿದೆ. ಸ್ಪೀಕರಿಗೆ ಕಿವಿ ಇಟ್ಟರೆ ಮಾತ್ರ ಕೇಳುತ್ತದೆ, ಕುರ್ಚಿಯಲ್ಲಿ ಕೂತರೆ ಇಲ್ಲ. ಹಾಗಾದರೆ ವಿಂಡೋಸ್‌ನ ಸದ್ದಿನ ಸೆಟ್ಟಿಂಗನ್ನು 24 ಬಿಟ್, 192 ಕಿಲೋಹರ್ಟ್ಜ್‌ಗೆ ಬದಲಿಸಿದರೆ ಇನ್ನೂ ಚೆನ್ನಾಗುತ್ತದಾ?

ಹಳೇ ಪ್ಲೇಟು:
ಬೇಡ. ಸಿಡಿಯಲ್ಲಿರುವುದು 16 ಬಿಟ್, 44.1 ಕಿಲೋಹರ್ಟ್ಜ್, ಅಂದರೆ ಸೆಕೆಂಡಿಗೆ 44,100 ಸಲ ಸದ್ದನ್ನು ಅಳೆದು ಪ್ರತಿ ಅಳತೆಯನ್ನು 16 ಬಿಟ್‌ನಲ್ಲಿ ಬರೆದದ್ದು. ಎಡ, ಬಲ ಎರಡೂ ಸೇರಿ ಸೆಕೆಂಡಿಗೆ 14,11,200 ಬಿಟ್. 22 ಕಿಲೋಹರ್ಟ್ಜ್ ತನಕದ ಸದ್ದು ಅದರಲ್ಲಿ ಹಿಡಿಯುತ್ತದೆ, ನಮ್ಮ ಕಿವಿ 20ಕ್ಕೇ ನಿಲ್ಲುತ್ತದೆ. ಇಲ್ಲದ್ದನ್ನು ವಿಂಡೋಸ್ ಹುಟ್ಟಿಸಲಾರದು. ‘ಎನ್‌ಹ್ಯಾನ್ಸ್‌ಮೆಂಟ್ಸ್’ ಇದ್ದ ಕಡೆಯೇ ಇರುವ ‘ಅಡ್ವಾನ್ಸ್ಡ್’ನಲ್ಲಿ 24 ಬಿಟ್ ಇರಲಿ, ರೇಟ್ ಮಾತ್ರ ಸಿಡಿಯ ಹಾಗೇ 44100 ಇಡಿ. ಆಗ ಸುಮ್ನೆ 48000ಕ್ಕೆ ಬದಲಿಸುವ ಕೆಲಸ ತಪ್ಪುತ್ತದೆ. ಹಾಡು ಹಾಕಲು ‘ಫೂಬಾರ್ 2000’ ಪ್ಲೇಯರ್ ಬಳಸಿದರೆ ಔಟ್‌ಪುಟ್ ಪಟ್ಟಿಯಲ್ಲಿ ‘ಎಕ್ಸ್‌ಕ್ಲೂಸಿವ್’ ಅಂತ ಇರುವುದನ್ನು ಆರಿಸಿ. ಹಾಡು ವಿಂಡೋಸ್ ಮಿಕ್ಸರ್ ದಾಟಿ ನೇರ ಹೋಗುತ್ತದೆ, ನಡುವೆ ಮೆಸೇಜಿನ ಟಿಂಗ್ ಸದ್ದೂ ಬರುವುದಿಲ್ಲ. ಆದರೆ ನನ್ನ ಕಿವಿಗೆ ಇದರ ವ್ಯತ್ಯಾಸ ತೀರಾ ಕಡಿಮೆ. ನಿಮ್ಮ ದೊಡ್ಡ ಕೆಲಸ ಆಗಲೇ ಮುಗಿದಿದೆ.

 

ಮಂದ್ರಷಡ್ಜ:
ಇಬ್ಬರಿಗೂ ತುಂಬು ಹೃದಯದ ಧನ್ಯವಾದ. ಒಂದು ರೂಪಾಯಿಯ ಹೊಸ ಸಾಮಾನು ಕೊಳ್ಳಲಿಲ್ಲ. ಎಲೆಕ್ಟ್ರಿಷಿಯನ್ ಕೂಲಿ ಮಾತ್ರ. ನಿನ್ನೆ ಬೆಳಿಗ್ಗೆ ಅಪ್ಪ ಒಂದೂವರೆ ಗಂಟೆ ಕೂತು ಕೇಳಿದರು. ಮಧ್ಯದಲ್ಲಿ ‘ಈ ಕಛೇರಿಯಲ್ಲಿ ತಂಬೂರಿಯ ಪಂಚಮ ಕೂದಲೆಳೆಯಷ್ಟು ಇಳಿದಿದೆ ನೋಡು, ಇಷ್ಟು ವರ್ಷ ಗೊತ್ತೇ ಆಗಿರಲಿಲ್ಲ’ ಅಂದರು. ನಾನೂ ಕೇಳಿದೆ. ನಿಜ, ಇಳಿದಿದೆ.

ಕೊನೆಯ ಪ್ರಶ್ನೆ. ಮತ್ತೆ ತೆಗೆಯುತ್ತಿರುವ ಸಿಡಿಗಳಲ್ಲಿ ಎರಡಕ್ಕೆ ಸಿಆರ್‌ಸಿ ಹೊಂದುತ್ತಿಲ್ಲ. ಗೀರು ಬಿದ್ದಿವೆ.

ಹಳೇ ಪ್ಲೇಟು:
ಮೆತ್ತನೆಯ ಒದ್ದೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರ ಒರೆಸಿ, ಸುತ್ತು ಹಾಕಿ ಒರೆಸಬೇಡಿ. ಒಣಗಿದ ಮೇಲೆ ಬೇರೆ ಡ್ರೈವಿನಲ್ಲಿ ಹಾಕಿ ನೋಡಿ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದು ಎಷ್ಟೋ ಸಲ ಇದೆ. ಹೊಂದದ ಟ್ರ್ಯಾಕ್ ಯಾವುದು ಅಂತ ಲಾಗ್ ಫೈಲಿನಲ್ಲಿ ಬರೆದಿರುತ್ತದೆ, ಅದೊಂದನ್ನೇ ಮತ್ತೆ ಕಂಪ್ಯೂಟರಿಗೆ ತೆಗೆದರೆ ಸಾಕು.